ದೇವರ ಮನೆಯ ರೌಟರ್

ಲಕ್ಷ್ಮೀ,

ಇವತ್ತು ಹಂಪಿಯ ಗುಡಿಯಲ್ಲಿ ನನ್ನ ಪಾಳಿ ಬೇಗ. ನೀನು ಮಲಗಿದ್ದೆ, ಎಬ್ಬಿಸಲಿಲ್ಲ. ಹುಗ್ಗಿ ಮಾಡಿಟ್ಟಿದ್ದೇನೆ, ಬಿಸಿ ಮಾಡಿಕೋ.

ದೇವರ ಮನೆಯ ರೌಟರ್ ಇವತ್ತು ಆರಿಸಿಲ್ಲ. ಮಹಡಿಗೆ ನಿನ್ನದೇ ರೌಟರ್ ಬಂದಿದೆಯಲ್ಲ, ಕಂಪನಿಯವರು ಕೆಳಗೆ ಹಾಕಿದ್ದು ಇನ್ನೇಕೆ ಅಂದುಕೊಂಡು ನಿನ್ನೆ ಪೂಜೆ ಮುಗಿದ ಮೇಲೆ ಲೈಟಿನ ಜೊತೆ ಅದನ್ನೂ ಆರಿಸಿ ಹೋಗಿದ್ದೆ. ನಿನ್ನ ಆನ್‌ಲೈನ್ ಪಾಠ ನಡುವೆಯೇ ನಿಂತಿತು. "ನನ್ನ ಪಾಡಿಗೆ ನಾ ಮ್ಯಾಲೆ ಕೂತರೂ ಬಿಡಂಗಿಲ್ಲೇನು ನೀವು?" ಅಂತ ನೀನು ಕೇಳಿದೆ.

ಸಂಜೆ ಕೇಬಲ್ಲಿನ ಯಲ್ಲೇಶನನ್ನು ಕೇಳಿದೆ. "ಆಚಾರ್ರೆ, ಮ್ಯಾಲಿನ ರೌಟರಿಗೆ ನೆಟ್ ಹೋಗೋದು ಕೆಳಗಿನದರಿಂದನ. ಆರಿಸಬ್ಯಾಡ್ರಿ. ಬೇಕಂದ್ರ ಇದನ್ನೂ ಮ್ಯಾಲೆ ಹಾಕಿಕೊಡ್ತೀನಿ" ಅಂದ. ಅದು ಇಲ್ಲೇ ಇರಲಪ್ಪ ಅಂದೆ.

ಒಂದೇ ರೌಟರ್ ಇದ್ದಾಗ ನೀನು ಸಿಗ್ನಲ್ಲಿಗೆಂದು ದೇವರ ಮನೆಯ ಹೊಸ್ತಿಲ ಹತ್ತಿರ ಮಣೆ ಹಾಕಿಕೊಂಡು ಪಾಠ ಹೇಳುತ್ತಿದ್ದೆ. ಮಂಗಳಾರತಿಗೆ ಮೊದಲು ನಾನು ನಿನ್ನ ಕಡೆ ತಿರುಗಿ ನೋಡುತ್ತಿದ್ದೆ. ನೀನು ಮೈಕ್ ಆಫ್ ಮಾಡಿ ತಲೆಯಾಡಿಸಿದ ಮೇಲೆಯೇ ನಾನು ಗಂಟೆ ಬಾರಿಸುತ್ತಿದ್ದೆ.

ಈಗಲೂ ಗಂಟೆ ಎತ್ತಿದಾಗ ಒಮ್ಮೆ ತಿರುಗಿ ನೋಡುತ್ತೇನೆ. ಮಣೆ ಅಲ್ಲೇ ಇದೆ, ತೆಗೆದಿಲ್ಲ.

ಗೋಪೀನಾಥ