ದೋಣಿಯ ಮುಂದಿನ ಸೀಟು

ಗ್ಲ್ಯಾಡ್‌ಸ್ಟನ್, ಮಿಷಿಗನ್
ಅಕ್ಟೋಬರ್ ೧೯, ಭಾನುವಾರ

ಪ್ರೀತಿಯ ಎಲ್ಡನ್,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಯಾರೋ ಸತ್ತರು ಎಂದುಕೊಂಡಿರುತ್ತೀಯ. ಯಾರೂ ಸತ್ತಿಲ್ಲ. ಕೂತು ಓದು. ಫೋನ್ ಮಾಡಬಹುದಿತ್ತು, ಆದರೆ ನಮ್ಮ ಮನೆಯ ಗೋಡೆ ತೆಳು, ನಿನ್ನಣ್ಣನ ಕಿವಿ ಇನ್ನೂ ಚುರುಕು. ಕೆಟ್ಟಿರುವುದು ಕಿವಿಯಲ್ಲ.

ಹಾರ್ಲನ್‌ಗೆ ಮರೆವಿನ ಕಾಯಿಲೆ. ವಯಸ್ಸಾದವರು ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವಂಥ ಮರೆವಲ್ಲ. ಕನ್ನಡಕ ಕೈಯಲ್ಲಿ ಹಿಡಿದು ಇದು ಏನಕ್ಕೆ ಎಂದು ಕೇಳುವ ಮರೆವು. ಡಾಕ್ಟರು ತಲೆಯ ಚಿತ್ರ ತೆಗೆದು, ಬೆರಳಿಟ್ಟು ತೋರಿಸಿ, ಇನ್ನು ನೀರಿಗಿಳಿಯುವುದು ಬೇಡ ಅಂದರು. ನಾನು ತಲೆಯಾಡಿಸಿ ಬಂದೆ. ಮಾರನೆಯ ದಿನವೇ ಅವನನ್ನು ನೀರಿಗೆ ಕರೆದುಕೊಂಡು ಹೋದೆ. ಬೈಯುವುದಿದ್ದರೆ ಬಂದು ಬೈ.

ಮೊದಲು ಗೊತ್ತಾದದ್ದು ಮೇ ತಿಂಗಳಲ್ಲಿ, ಕೊಲ್ಲಿಯ ನಡುವೆ, ಊರಿನ ಅರ್ಧ ದೋಣಿಗಳ ಎದುರಿಗೆ. ಹಿಂದಿನ ಸಣ್ಣ ಮೋಟರು, ಕಿಕ್ಕರ್, ಗೇರಿನಲ್ಲೇ ಇತ್ತು, ದೋಣಿಯನ್ನು ಮುಂದಕ್ಕೆ ದೂಡುತ್ತಿತ್ತು. ಅದನ್ನು ಮರೆತು ನಿನ್ನಣ್ಣ ದೋಣಿಯ ಮೂತಿಯ ಕರೆಂಟ್ ಮೋಟರಿನಲ್ಲಿ ನಿಂತಲ್ಲೇ ನಿಲ್ಲಿಸುವ ಲಂಗರು ಗುಂಡಿ ಒತ್ತಿದ. ಒಂದು ಹೋಗೋಣ ಅನ್ನುತ್ತದೆ, ಒಂದು ಇಲ್ಲೇ ಇರೋಣ ಅನ್ನುತ್ತದೆ. ದೋಣಿ ಬುಗುರಿಯ ಹಾಗೆ ಸುತ್ತಿತು. ಹಿಂದೆ ಬಿಟ್ಟಿದ್ದ ಗಾಳದ ದಾರಗಳೆಲ್ಲ ಜಡೆ ಹೆಣೆದುಕೊಂಡವು. ಎರೆಹುಳು ಅಂಗಡಿಯ ಡೆಲ್ಫೀನ್ ತನ್ನ ದೋಣಿಯಿಂದ ಕೂಗಿದಳಂತೆ, “ಏನ್ ಹಾರ್ಲನ್, ಮೀನು ಹಿಡೀತಿದೀಯೋ, ಬೆಣ್ಣೆ ಕಡೀತಿದೀಯೋ?” ಎಲ್ಲರೂ ನಕ್ಕರು. ಅವನೂ ನಕ್ಕನಂತೆ. ಆಮೇಲೆ ಅವಳನ್ನು ಹತ್ತಿರ ಕರೆದು ಮೆಲ್ಲಗೆ, “ಯಾರೋ ಕೆಳಗಿಂದ ನಮ್ ದೋಣಿ ಹಿಡ್ಕೊಂಡವ್ರೆ, ಬಿಡು ಅಂತ ಹೇಳು” ಅಂದನಂತೆ. ಡೆಲ್ಫೀನ್ ಆ ಸಂಜೆ ಮನೆಗೆ ಬಂದು ಇಷ್ಟು ಹೇಳಿ ಅತ್ತಳು. ಅವಳ ಬಾಯಿಗೆ ಬೀಗವಿಲ್ಲ ಎಂದು ನಾವೆಲ್ಲ ಆಡಿಕೊಳ್ಳುತ್ತಿದ್ದೆವು. ಈ ವಿಷಯವನ್ನು ಅವಳು ಇವತ್ತಿನವರೆಗೆ ಊರಿನಲ್ಲಿ ಯಾರಿಗೂ ಹೇಳಿಲ್ಲ.

ಅವತ್ತಿನಿಂದ ಮುಂದಿನ ಸೀಟಿನಲ್ಲಿ ನಾನು ಕೂರುತ್ತಿದ್ದೇನೆ. ನಗಬೇಡ. ದಡದಲ್ಲಿ ನಿಂತು ಕೈಬೀಸುವುದೇ ನನ್ನ ಕಸುಬು ಎಂದು ರೇಗಿಸುತ್ತಿದ್ದೆಯಲ್ಲ, ಆ ನಾನು ಈಗ ಮೂತಿಯ ಮೋಟರಿನ ರಿಮೋಟನ್ನು ಸರದ ಹಾಗೆ ಕೊರಳಿಗೆ ಹಾಕಿಕೊಂಡು ಕೂತಿರುತ್ತೇನೆ. ನಿನಗೆ ಗೊತ್ತಿರುವುದನ್ನೇ ಒಪ್ಪಿಸುತ್ತೇನೆ, ಹೊಸದಾಗಿ ಕಲಿತವಳ ಚಪಲ. ಹಿಂದೆ ಕೂತವನದು ವೇಗ ಮಾತ್ರ, ದಿಕ್ಕು ಮುಂದಿನವಳದು. ಗಾಳಿ ಬೆನ್ನಿಗಿದ್ದರೆ ಕಿಕ್ಕರನ್ನು ತಗ್ಗಿಸಬೇಕು, ಎದುರಿಗಿದ್ದರೆ ಏರಿಸಬೇಕು. ತಿರುಗುವಾಗ ಥಟ್ಟನೆ ತಿರುಗಬಾರದು, ಒಳಗಿನ ಗಾಳ ಸೋತು ಕೆಳಗಿಳಿಯುತ್ತದೆ, ಹೊರಗಿನದು ಓಡುತ್ತದೆ. ನಾನು ಪರದೆಯ ಮೇಲಿನ ವೇಗದ ಅಂಕಿ ನೋಡಿಕೊಂಡು ಇದನ್ನೆಲ್ಲ ಮಾಡುತ್ತೇನೆ. ಅವನು ಪರದೆ ನೋಡುವುದೇ ಇಲ್ಲ. ಗಾಳದ ಕಡ್ಡಿಯ ತುದಿ ನಡುಗುವುದನ್ನು ನೋಡುತ್ತಾನೆ, ಕಿಕ್ಕರಿನ ಹಿಡಿಯನ್ನು ಕೂದಲೆಳೆಯಷ್ಟು ತಿರುವುತ್ತಾನೆ, ನನ್ನ ಅಂಕಿ ತಾನಾಗಿ ಸರಿಹೋಗುತ್ತದೆ. ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಅದೇ ಕೈ.

ಕಿಕ್ಕರಿನ ಸದ್ದು ಶುರುವಾದರೆ ಅವನಿಗೆ ನಾನು ಯಾರೆಂದು ಮರೆಯುತ್ತದೆ, ತಾನು ಯಾರೆಂದು ನೆನಪಾಗುತ್ತದೆ. ಈ ವ್ಯಾಪಾರದಲ್ಲಿ ನನಗೆ ನಷ್ಟವಾದರೂ ದೂರಿಲ್ಲ.

ಅಂಥ ಒಂದು ದಿನ, ಹೋದ ವಾರ, ಚಳಿ ಜಾಸ್ತಿಯೆಂದು ನಮ್ಮ ಗ್ಯಾರೇಜಿನ ಮೊಳೆಯಲ್ಲಿ ನೀನು ಬಿಟ್ಟುಹೋಗಿದ್ದ ಕಂದು ಕೋಟು ಹಾಕಿಕೊಂಡಿದ್ದೆ. ತಲೆಗೆ ಟೋಪಿ ಎಳೆದುಕೊಂಡು ಮುಂದೆ ನೋಡುತ್ತ ಕೂತಿದ್ದೆ. ಹಿಂದಿನಿಂದ ದನಿ ಬಂತು.

“ಲೇ ಎಲ್ಡಾ! ಬಂದ್ಯೇನೋ ಕತ್ತೆ?”

ನಾನು ತಿರುಗಲಿಲ್ಲ. ಗಂಟಲು ದಪ್ಪ ಮಾಡಿ “ಹೂಂ” ಅಂದೆ.

“ಮೂತಿ ಚೂರು ಎಡಕ್ಕೆ ತಗೋ. ನೀರಡಿ ದಿಣ್ಣೆ ಅಂಚಿಗೆ ಹೋಗ್ಲಿ.” ತೆಗೆದುಕೊಂಡೆ. ಆಮೇಲೆ ನಿಮ್ಮಿಬ್ಬರ ಆ ಹಳೆಯ ಹಾಡು, ನೀವು ಮೀನು ಹಿಡಿಯುವ ಸ್ಪರ್ಧೆಗೆ ಹೊರಡುವಾಗ ಹೇಳುತ್ತಿದ್ದದ್ದು: “ಹಿಂದೆ ದೂಡೋನು ನಾನು, ಮುಂದೆ ತಿರುಗ್ಸೋನು ನೀನು, ಮಧ್ಯ ಸಿಗೋದು ಮೀನು!” ಹೇಳಿ ನಕ್ಕ. ಆ ನಗುವನ್ನು ನಾನು ಕೇಳಿ ಎಷ್ಟು ಕಾಲವಾಗಿತ್ತೋ.

ನಿಮ್ಮ ಜಗಳದ ಸುದ್ದಿಯೂ ಬಂತು. ಆ ಸ್ಪರ್ಧೆಯ ಕೊನೆಯ ದಿನ ದೊಡ್ಡ ವಾಲೈ ಮೀನು ಕಚ್ಚಿದಾಗ ನೀನು ಮೂತಿ ತಿರುಗಿಸಿದೆ, ಅವನು ಗೇರು ಬಿಡಿಸಲಿಲ್ಲ, ದಾರ ಹೋಗಿ ಕಿಕ್ಕರಿನ ರೆಕ್ಕೆಗೆ ಸುತ್ತಿ ತುಂಡಾಯಿತು. ನೀನು ತಿರುಗಿಸಿದ್ದಕ್ಕೆ ಎಂದು ಅವನು, ಅವನು ನಿಲ್ಲಿಸದೆ ಇದ್ದದ್ದಕ್ಕೆ ಎಂದು ನೀನು. ಆ ಒಂದು ಮೀನಿಗೆ ಇಬ್ಬರು ಗಂಡಸರು ಇಷ್ಟು ವರ್ಷ ಮಾತು ಬಿಟ್ಟಿರಿ. ಮೀನಿಗೆ ಗೊತ್ತಾದರೆ ಹೆಮ್ಮೆಪಡುತ್ತಿತ್ತು. ಅವನು ಕ್ಷಮೆ ಕೇಳಿದ ಎಂದು ಬರೆಯಬಹುದು, ಸುಳ್ಳಾಗುತ್ತದೆ. ಅವನು ಹೇಳಿದ್ದು ಇಷ್ಟು: “ಆ ಮೀನು ಹೋಗಿದ್ದು ನಿನ್ನಿಂದಾನೇ ಕಣೋ. ಹೋಗ್ಲಿ ಬಿಡು. ಬಂದ್ಯಲ್ಲ, ಸಾಕು.”

ನನ್ನ ಬಗ್ಗೆಯೂ ಹೇಳಿದ. “ಸಿಗ್ನೆಗೆ ದೋಣಿ ಅಂದ್ರೆ ಆಗಲ್ಲ. ಒಳ್ಳೇವ್ಳು, ಆದ್ರೆ ಅವಳ ಕಾಫಿ ಈ ಕೊಲ್ಲಿ ನೀರಿಗಿಂತ ಒಂದ್ ಚೂರು ಗಟ್ಟಿ, ಅಷ್ಟೆ.” ಆ ಕಾಫಿಯನ್ನೇ ಕುಡಿಯುತ್ತ, ಹೌದು ಎನ್ನುವಂತೆ ತಲೆಯಾಡಿಸಿದೆ. ಇನ್ನೇನೋ ಒಂದು ಮಾತು ಹೇಳಿದ, ಗಾಳಿಗೆ ನನಗೆ ಸರಿಯಾಗಿ ಕೇಳಿಸಲಿಲ್ಲ.

ದಡಕ್ಕೆ ಬಂದು ಅವನನ್ನು ಇಳಿಸುವಾಗ ನೋಡಿದರೆ ಕಿಕ್ಕರಿನ ಕೆಂಪು ದಾರ ಅವನ ಜಾಕೆಟಿನಲ್ಲಿ ಇರಲಿಲ್ಲ. ಆಳು ನೀರಿಗೆ ಬಿದ್ದರೆ ಕೊಂಡಿ ಕಿತ್ತು ಮೋಟರ್ ನಿಲ್ಲಲಿ ಎಂದು ಇರುವ ದಾರ. ನೀವಿಬ್ಬರೂ ಅದನ್ನು ಎಂದೂ ಮೈಗೆ ಸಿಕ್ಕಿಸಿಕೊಂಡವರಲ್ಲ, ಕಂಬಿಗೆ ನೇತುಹಾಕಿ ಓಡಾಡಿದವರು. ಈಗ ಹೊರಡುವ ಮುಂಚೆ ನಾನೇ ಅವನ ಎದೆಗೆ ಸಿಕ್ಕಿಸುತ್ತೇನೆ. ಅವತ್ತು ಅದನ್ನು ಬಿಚ್ಚಿ, ನೀಟಾಗಿ ಸುತ್ತಿ, ಕಂಬಿಗೆ ಹಾಕಿದ್ದ. ಹಳೆಯ ಅಭ್ಯಾಸ, ಮತ್ತೇನು.

ನೀನು ಬರಬೇಕು. ನನ್ನ ಮಂಡಿ ನೋವು, ಬ್ಯಾಟರಿಗಳು ಭಾರ, ಗಾಳಿ ಎದ್ದರೆ ನನಗೆ ಮೂತಿ ಹಿಡಿದು ನಿಲ್ಲಿಸಲು ಬರುವುದಿಲ್ಲ. ಕೊಲ್ಲಿಯನ್ನು ಬಳಸಿ ಬಂದರೂ ನಿನ್ನ ಊರಿನಿಂದ ಅರ್ಧ ದಿನದ ದಾರಿಯೂ ಅಲ್ಲ. ಕೆಲವೇ ವಾರ, ಹಿಮ ಬಿದ್ದು ದೋಣಿಯನ್ನು ಮೇಲೆತ್ತುವವರೆಗೆ. ಹಸಿರು ಕೋಣೆಯ ಹಾಸಿಗೆಗೆ ಹೊಸ ಹೊದಿಕೆ ಹಾಕಿದ್ದೇನೆ. ಮಾಂಸ ತುಂಬಿದ ಪ್ಯಾಸ್ಟಿ ಮಾಡುತ್ತೇನೆ, ನಿನ್ನದಕ್ಕೆ ಟರ್ನಿಪ್ ಹಾಕುವುದಿಲ್ಲ. ಕಾಫಿಯನ್ನು ನೀನೇ ಮಾಡಿಕೊ.

ಬಂದಾಗ ಒಂದೇ ಒಂದು ಕೋರಿಕೆ. ಆ ಮೀನಿನ ಮಾತು ಎತ್ತಿದರೆ ವಾದಕ್ಕಿಳಿಯಬೇಡ. ತಪ್ಪು ನಿನ್ನದೇ ಎಂದು ಒಪ್ಪಿಕೊ. ಅವನು ಮರೆತುಬಿಡುತ್ತಾನೆ, ಮಾರನೆಯ ದಿನ ಮತ್ತೆ ಒಪ್ಪಿಕೊ.

ನಿನ್ನ ಅತ್ತಿಗೆ,
ಸಿಗ್ನೆ ಬರ್ಗ್‌ಡಾಲ್

ಸಹಿ ಹಾಕಿದ ಮೇಲೆ: ಲಕೋಟೆಯಲ್ಲಿ ಗಟ್ಟಿಯಾಗಿ ಕೈಗೆ ಸಿಕ್ಕಿದ್ದು ಆ ಕೆಂಪು ದಾರವೇ. ದೊಡ್ಡ ಮೋಟರಿಗೂ ಕಿಕ್ಕರಿಗೂ ಅದೊಂದೇ ಕೊಂಡಿ, ಅದಿಲ್ಲದೆ ಎರಡೂ ಹೊರಡುವುದಿಲ್ಲ. ಕರೆಂಟ್ ಮೋಟರಿನ ಬ್ಯಾಟರಿಗಳನ್ನು ಡೆಲ್ಫೀನ್ ತನ್ನ ಅಂಗಡಿಗೆ ಸಾಗಿಸಿದ್ದಾಳೆ.

ಗಾಳಿಗೆ ಕೇಳಿಸಲಿಲ್ಲ ಎಂದು ಬರೆದೆ. ಅವತ್ತು ಗಾಳಿಯೇ ಇರಲಿಲ್ಲ. ಕೊಲ್ಲಿ ಗಾಜಿನ ಹಾಗೆ ಮಲಗಿತ್ತು. ಅವನು ಹೇಳಿದ್ದು: “ನಂಗೆ ಏನಾಗ್ತಿದೆ ಅಂತ ನಂಗೊತ್ತು ಕಣೋ. ಪೂರ್ತಿ ಹೋಗೋ ಮುಂಚೆ ಒಂದಿನ ಒಬ್ನೇ ಬರ್ತೀನಿ. ದೋಣಿ ಅದ್ರ ಪಾಡಿಗೆ ಹೋಗ್ತಾ ಇರ್ಲಿ, ನಾನು ಹಿಂದೆ ಉಳ್ಕೊಂಬಿಡ್ತೀನಿ. ಸಿಗ್ನೆಗೆ ಹೇಳ್ಬೇಡ. ಕಾಲು ಜಾರ್ತು ಅಂದ್ಕೊಳ್ಳಿ ಪಾಪ.”

ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ನಾನು ನೀನಲ್ಲ ಎಂದು ಗೊತ್ತಾಗುತ್ತಿತ್ತು. ನಿನ್ನ ದನಿಯಲ್ಲೇ ಹೇಳಿದೆ, “ನಾನಿಲ್ದೆ ಹೋಗ್ಬೇಡ ಕಣೋ. ನಾಳೆ ನಾನೂ ಬರ್ತೀನಿ.” ಕಿಕ್ಕರಿನ ಸದ್ದು ಚೂರು ತಗ್ಗಿತು. ಆಮೇಲೆ “ಹಂಗಾದ್ರೆ ಕಾಯ್ತೀನಿ” ಅಂದ.

ಮರೆಯುತ್ತಾನೆ ಎಂದುಕೊಂಡಿದ್ದೆ. ಇದೊಂದನ್ನು ಮರೆತಿಲ್ಲ. ದಿನಾ ಬೆಳಿಗ್ಗೆ ಬೂಟು ಹಾಕಿಕೊಂಡು ಮೆಟ್ಟಿಲ ಮೇಲೆ ಕೂತು ರಸ್ತೆ ನೋಡುತ್ತಿರುತ್ತಾನೆ. ದಾರವನ್ನು ಅಂಚೆಯಲ್ಲಿ ವಾಪಸು ಕಳಿಸಬೇಡ, ಎಲ್ಡನ್.