ಕಂಬಕ್ಕೆ ಬಡಿದ ಚೆಂಡು

ಅಪ್ಪಾ,
ಸೊಂಟದ ನೋವು ಹೇಗಿದೆ? ಇಲ್ಲಿಯ ಕಡಲಗಾಳಿ ನಮ್ಮಂಥ ಗೋಧಿಸೀಮೆಯವರಿಗೆ ಆಗಿಬರುವುದಿಲ್ಲ, ನನಗೆ ನೆಗಡಿ.

ನಮ್ಮ ಕ್ಲೈವ್ ಇವತ್ತು ಎದುರಾಳಿಗಳ ಈ ಊರಿನಲ್ಲಿ ತನ್ನ ಕೊನೆಯ ಆಸ್ಟ್ರೇಲಿಯನ್ ಫುಟ್‌ಬಾಲ್ ಆಟ ಆಡಿದ. ಹದಿನೇಳು ವರ್ಷ ನಮ್ಮ ಗೋಲಿನ ಮುಂದೆ ಎದುರಾಳಿಗಳನ್ನು ತಡೆದವನು, ತಾನೊಂದೂ ಹೊಡೆದವನಲ್ಲ. ಅದಕ್ಕೇ ಕೊನೆಗಳಿಗೆಯಲ್ಲಿ ಕೋಚ್ ಅವನನ್ನು ಆಚೆ ತುದಿಗೆ ಅಟ್ಟಿದರು. ಇಬ್ಬರ ತಲೆಯ ಮೇಲೆ ಹಾರಿ ಚೆಂಡು ಹಿಡಿದ, ಒದ್ದ. ಕಂಬಕ್ಕೆ ಬಡಿಯಿತು! ಗೋಲಾಗಿದ್ದರೆ ಆರು ಅಂಕ, ಕಂಬಕ್ಕೆ ಬಡಿದದ್ದಕ್ಕೆ ಒಂದೇ.

ಗೋಲಿಗಾದರೆ ಕಾರಿನವರೆಲ್ಲ ಹಾರ್ನ್ ಹೊಡೆದು ಮೆಚ್ಚುತ್ತಾರೆ, ಒಂದು ಅಂಕಕ್ಕೆ ಹೊಡೆಯುವವರು ಯಾರು? ಮೈದಾನದ ಸುತ್ತ ನಿಂತ ಕಾರುಗಳೆಲ್ಲ ಗಪ್‌ಚುಪ್. ಆಗ ಎದುರಾಳಿಗಳ ಸಾಲಿನಿಂದ ಒಂದು ಹಾರ್ನ್ ಶುರುವಾಯಿತು, ನಿಲ್ಲಲೇ ಇಲ್ಲ. ನೋಡಿದರೆ ಈ ಊರಿನ ಹಳೇ ಗೋಲುಗಾರ ಮರ್ವ್ ಟಕೆಟ್! ಕ್ಲೈವ್ ವರ್ಷಗಟ್ಟಲೆ ಬೆನ್ನುಹತ್ತಿ ಕಾಡಿದ್ದು ಅವನನ್ನೇ.

"ಹೊಡೀರ್ರೋ ಹಾರ್ನು! ಈ ಪಾಪಿ ನನ್ನ ಎಷ್ಟು ಗೋಲು ನುಂಗಿದಾನೆ ಅಂತ ನನಗ್ ಗೊತ್ತು!" ಎಂದು ಕಿಟಕಿಯಿಂದ ಕೂಗಿದ. ಆಮೇಲೆ ಎರಡೂ ಊರಿನ ಕಾರುಗಳು ಒಟ್ಟಿಗೇ ಅರಚಿದವು.

ಹಾರ್ನ್ ಹೊಡೆದೂ ಹೊಡೆದೂ ನಮ್ಮ ಕಾರಿನ ಬ್ಯಾಟರಿ ಸತ್ತಿದೆ, ಊರಿಗೆ ಬರುವುದು ತಡ. ಕ್ಲೈವ್ ಪಕ್ಕದಲ್ಲೇ ಕೂತು, "ಗೋಲು ಅಂತಾನೇ ಬರಿಯೇ ಅಕ್ಕಾ" ಅನ್ನುತ್ತಿದ್ದಾನೆ. ನಾನು ಬರೆಯುವುದಿಲ್ಲ. ಗೋಲಾಗಿದ್ದರೆ ನಮ್ಮವರಷ್ಟೇ ಹಾರ್ನ್ ಹೊಡೆಯುತ್ತಿದ್ದರು.

ನಿಮ್ಮ ಐಲ್ಸಾ