ಅಜ್ಜಿ ಮುಚ್ಚಿದ ಸಂದುಗಳು

ಮನೆ, ಹೊಲಿಗೆ ಯಂತ್ರದ ಪಕ್ಕದಿಂದ
ನವೆಂಬರ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯೋ, ಇಲ್ಲ ಅತ್ತೆಯ ಮುಂದೆ ಹಸಿವಿಲ್ಲ ಎಂದು ಹೇಳಿ ಆಮೇಲೆ ಬಿಸ್ಕತ್ತಿನ ಡಬ್ಬಿ ಹುಡುಕುತ್ತಿದ್ದೀಯೋ? ನಿನ್ನ ಅತ್ತೆ ನನ್ನ ಮಗಳೇ ಆದರೂ ಹೇಳುತ್ತೇನೆ, ಅವಳ ಮನೆಯ ದಿಂಬು ಕಲ್ಲಿನ ಹಾಗೆ. ಕುತ್ತಿಗೆ ಜೋಪಾನ. ನಾನು ಆರಾಮಾಗಿದ್ದೇನೆ. ಕನ್ನಡಕದ ಕಾಲು ಮುರಿದು ದಾರ ಸುತ್ತಿಕೊಂಡಿದ್ದೇನೆ, ಅಕ್ಷರ ಓಲಾಡಿದರೆ ಹೊಂದಿಸಿಕೊಂಡು ಓದು. ನಿಮ್ಮಜ್ಜಿಯ ಮಂಡಿನೋವು ಹಾಗೇ ಇದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ನೀನು ಫೋನು ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಕಾಗದವನ್ನು ಅರ್ಧಕ್ಕೇ ಕಟ್ ಮಾಡಲು ಬರುವುದಿಲ್ಲವಲ್ಲ.

ನೀನು ಹಾಸ್ಟೆಲ್ ಬಿಟ್ಟು ಅತ್ತೆಯ ಮನೆ ಸೇರಿದ್ದೀಯ, ಇನ್ನು ತರಬೇತಿಗೆ ಹೋಗದೆ ಅವಳ ಬಟ್ಟೆ ಅಂಗಡಿಯಲ್ಲೇ ನಿಲ್ಲುತ್ತೀಯ ಎಂದು ಗೊತ್ತಾದಾಗ ನಮಗೆ ತಲೆಬುಡ ತಿಳಿಯಲಿಲ್ಲ. ಆ ತರಬೇತಿಗೆ ಸೀಟು ಸಿಕ್ಕ ದಿನ ನೀನು ಮೆಟ್ಟಿಲು ಹತ್ತಿ ಬಂದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಮನೆಯಲ್ಲಿ ಹಿಂದೆ ಯಾರೂ ಕಾಲೇಜು ಕಂಡಿಲ್ಲದ ಮಕ್ಕಳಿಗೆ ಎಂದೇ ಒಂದಿಷ್ಟು ಸೀಟು ಇಟ್ಟಿದ್ದಾರೆ, ತರಬೇತಿಯ ಮೇಡಂ ಕಾಲೇಜು ಕಾಲೇಜು ಅಲೆದು ನಮ್ಮನ್ನು ಹುಡುಕಿದರು, ಸೋಲಾರ್ ಕೆಲಸ, ಕರೆಂಟು ಉಳಿಸುವ ಕಟ್ಟಡಗಳ ಕೆಲಸ ಕಲಿಸಿ ಕಂಪನಿಗೆ ಸೇರಿಸುತ್ತಾರೆ ಎಂದು ಒಂದೇ ಉಸಿರಿಗೆ ಹೇಳಿದ್ದೆ. "ಮನೇನೂ ಉಸಿರಾಡುತ್ತೆ ತಾತ, ಎಲ್ಲೆಲ್ಲಿ ಅಂತ ನಾನು ಕಂಡುಹಿಡೀತೀನಿ" ಎಂದಿದ್ದೆ. ಅಜ್ಜಿ, "ಮೆತ್ತಗೆ ಹೇಳೇ, ಮನೆ ಮಾಲೀಕರಿಗೆ ಕೇಳಿಸಿದ್ರೆ ಅದಕ್ಕೂ ಬಾಡಿಗೆ ಹಾಕ್ತಾರೆ" ಎಂದಿದ್ದಳು. ಅವತ್ತು ನಾವು ಮೂವರೂ ಎಷ್ಟು ನಕ್ಕಿದ್ದೆವು.

ನೀನು ಅತ್ತೆಯ ಹತ್ತಿರ ಹೇಳಿಕೊಂಡದ್ದನ್ನು ಅವಳು ಕಳೆದ ವಾರ ಫೋನಿನಲ್ಲಿ ತಿಳಿಸಿದಳು. ಹೇಳಿದಳೆಂದು ಅವಳ ಮೇಲೆ ಮುಖ ಊದಿಸಿಕೊಳ್ಳಬೇಡ. ನೀನು ನಿನ್ನ ಜೊತೆಯವಳೊಡನೆ ಬಂದು ನಮ್ಮ ಮುಂಬಾಗಿಲಿಗೆ ಕೆಂಪು ಬಟ್ಟೆಯ ಚೌಕಟ್ಟು ಬಿಗಿದು, ಅದರಲ್ಲಿ ದೊಡ್ಡ ಫ್ಯಾನು ಕೂರಿಸಿ, ಮನೆಯ ಗಾಳಿಯನ್ನೆಲ್ಲ ಹೊರಕ್ಕೆ ಎಳೆದ ದಿನ ನಾನೊಬ್ಬನೇ ಇದ್ದೆ. ಕಿಟಕಿಗಳೆಲ್ಲ ಮುಚ್ಚಿದ್ದರೂ ಸಂದುಗೊಂದುಗಳಿಂದ ಗಾಳಿ ನುಗ್ಗಿ, ನನ್ನ ಮೇಜಿನ ಮೇಲಿದ್ದ ಅಳತೆ ಕಾಗದಗಳು ಹಾರಿದವು. ನೀನು ಮೀಟರು ನೋಡಿ, "ತಾತ, ನಮ್ಮನೆ ಮನೆಯಲ್ಲ, ಜರಡಿ" ಎಂದೆ. ನಿಮ್ಮ ತರಬೇತಿಯವರು ಗಾಳಿ ಹೆಚ್ಚು ಸೋರುವ ಮನೆಗೆ ಮೊದಲು ರಿಪೇರಿ ಮಾಡಿಸುತ್ತಾರೆ ಎಂದೂ ಹೇಳಿದ್ದೆ. ಆಮೇಲೆ ನಿಮ್ಮದೇ ತರಗತಿಯ ಇನ್ನೊಂದು ಗುಂಪು ಮರುಪರೀಕ್ಷೆಗೆ ಬಂತು. ಅವರ ಮೀಟರಿನಲ್ಲಿ ಸೋರಿಕೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ತನ್ನ ಮನೆ ಮೊದಲು ರಿಪೇರಿಯಾಗಲಿ ಎಂದು ಇವಳು ಅಂಕಿ ಏರಿಸಿ ಬರೆದಿದ್ದಾಳೆ ಎಂದರಂತೆ. "ಕರೆದು ಸೀಟು ಕೊಟ್ರೆ ಹೀಗೇ" ಎಂದನಂತೆ ಒಬ್ಬ. ಮೇಡಂ ಅಲ್ಲೇ ಇದ್ದರಂತೆ, ಕೇಳಿಸಿಕೊಂಡೂ ಸುಮ್ಮನಿದ್ದರಂತೆ. ಆ ಹುಡುಗನ ಮಾತಿಗಿಂತ ಮೇಡಂ ಸುಮ್ಮನಿದ್ದದ್ದೇ ನಿನಗೆ ಹೆಚ್ಚು ನೋವಾಯಿತು ಎಂದು ಅತ್ತೆ ಹೇಳಿದಳು. ನನಗೂ ನೋವಾಯಿತು ಮಗಳೇ. ಕೆಳಗಿಟ್ಟ ಕತ್ತರಿಯನ್ನು ಅವತ್ತಿಡೀ ಮತ್ತೆ ಎತ್ತಿಕೊಳ್ಳಲಿಲ್ಲ.

ಈಗ ನಿನಗೆ ಗೊತ್ತಿಲ್ಲದ್ದನ್ನು ಕೇಳು. ನೀನು ಫ್ಯಾನು ಹಾಕಿದ ದಿನ ಅಜ್ಜಿ ಮಂಡಿ ತೋರಿಸಲು ಆಸ್ಪತ್ರೆಗೆ ಹೋಗಿದ್ದಳಲ್ಲ, ಬಂದವಳೇ ನನ್ನ ಚಳಿ ಬಿಡಿಸಿದಳು. "ಮನೆ ಪರೀಕ್ಷೆಗೆ ಬಂದವರಿಗೆ ಈ ಅವತಾರ ತೋರಿಸಿದ್ರಾ? ಮೊಮ್ಮಗಳ ಮರ್ಯಾದೆ ಏನಾಗಬೇಕು?" ಎಂದು. ಪರೀಕ್ಷೆ ಎಂದ ಮೇಲೆ ಪಾಸಾಗಬೇಕು, ಅವಳಿಗೆ ಗೊತ್ತಿರುವುದು ಅಷ್ಟೇ. ಮರುಪರೀಕ್ಷೆ ಎಂದು ತಿಳಿದದ್ದೇ ತಡ, ನನ್ನ ಕತ್ತರಿಸಿದ ಬಟ್ಟೆಯ ಚೂರುಗಳ ಚೀಲ ಸುರುವಿಕೊಂಡು ಕೂತಳು. ಚೂರುಗಳನ್ನು ಬತ್ತಿಯ ಹಾಗೆ ಹೊಸೆದು, ಕಿಟಕಿಯ ಅಂಚು, ಸಿಂಕಿನ ಕೆಳಗಿನ ಪೈಪಿನ ತೂತು, ಸ್ವಿಚ್ ಬೋರ್ಡಿನ ಬದಿ, ಎಲ್ಲ ಕಡೆ ಚಮಚದ ಹಿಡಿಯಿಂದ ತುರುಕಿದಳು. ಗೋಡೆಯ ಬಣ್ಣಕ್ಕೆ ಹೊಂದುವ ಚೂರು ಆರಿಸಿಕೊಟ್ಟವನು ನಾನೇ, ನನ್ನನ್ನೂ ಸೇರಿಸಿಕೊಂಡೇ ಬೈದುಕೋ. ಆ ಗುಂಪಿನ ಮಕ್ಕಳು ಬಂದಾಗ ಟೀ, ಬಿಸ್ಕತ್ತು, ಉಪಚಾರ. ಗಾಳಿ ನುಗ್ಗುವ ಸಂದು ಹುಡುಕಲು ಹೊಗೆ ಬಿಡುವ ಆ ಪುಟ್ಟ ಕಡ್ಡಿ ಹಿಡಿದು ಯಾರಾದರೂ ಕಿಟಕಿಯ ಕಡೆ ಹೊರಟರೆ, "ಅಲ್ಲೇನಿದೆ ಮಗು, ಬಿಸಿ ಇರೋವಾಗ್ಲೇ ಕುಡಿ" ಎಂದು ಕೂರಿಸಿಬಿಡುವಳು. ಅವರು "ಮನೆ ತುಂಬಾ ಚೆನ್ನಾಗಿದೆ ಅಜ್ಜಿ" ಎಂದು ಹೋದರು. ಇವಳು ಕೆಳಗಿನ ಮನೆಯವರ ಮುಂದೆ, ನಮ್ಮದು ಫಸ್ಟ್ ಕ್ಲಾಸ್ ಎಂದು ಬೀಗಿದ್ದೇ ಬೀಗಿದ್ದು.

ಅತ್ತೆಯ ಫೋನು ಬಂದ ಮೇಲೆ ನನಗೆ ವಿಷಯ ಹೊಳೆಯಿತು, ಅಜ್ಜಿಗೆ ಹೇಳಿದೆ. ಅವಳು, "ನಮ್ಮನೆ ಸೋರುತ್ತೆ ಅಂತ ನಾವೇ ಹೋಗಿ ಹೇಳ್ಕೋಬೇಕಾ?" ಎಂದಳು. ಬೇಡ, ನಾನೊಬ್ಬನೇ ಹೋಗಿ ಬರುತ್ತೇನೆ ಎಂದೆ. ಬೆಳಿಗ್ಗೆ ನೋಡಿದರೆ ಒಳ್ಳೆಯ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ. ನಿಮ್ಮ ಕಾಲೇಜಿನ ಮೆಟ್ಟಿಲುಗಳನ್ನು ಕಂಬಿ ಹಿಡಿದು, ನಿಂತು ನಿಂತು ಹತ್ತಿದಳು. ಮೇಡಂ ಕುರ್ಚಿ ಕೊಟ್ಟರೂ ಕೂರದೆ, "ನಮ್ಮನೆ ಸೋರುತ್ತೆ ಮೇಡಂ, ಮೊದಲಿಂದ್ಲೂ ಸೋರುತ್ತೆ. ಮುಚ್ಚಿಟ್ಟಿದ್ದು ನಾನು. ನನ್ನ ಮೊಮ್ಮಗಳು ಬರೆದಿರೋದೇ ಸರಿ" ಎಂದಳು. ಮದುವೆಯಾದಾಗಿನಿಂದ ಅವಳು ಯಾರ ಮುಂದೆಯೂ ತಲೆ ತಗ್ಗಿಸಿದ್ದನ್ನು ನಾನು ಕಂಡವನಲ್ಲ.

ಮಾರನೆಯ ದಿನವೇ ಮೇಡಂ ಅದೇ ಗುಂಪನ್ನು ಕರೆದುಕೊಂಡು ಮನೆಗೆ ಬಂದರು. ಅಷ್ಟರಲ್ಲಿ ಅಜ್ಜಿ ಒಂದೊಂದೇ ಚೂರನ್ನು ಎಳೆದು ತೆಗೆದಿದ್ದಳು, ಒಂದು ಬಕೆಟ್ ತುಂಬಿತು. ಫ್ಯಾನು ತಿರುಗಿತು, ನನ್ನ ಕಾಗದಗಳು ಮತ್ತೆ ಹಾರಿದವು, ಮೀಟರು ನೀನು ಬರೆದಲ್ಲಿಗೇ ಬಂದು ನಿಂತಿತು. ಕೂದಲೆಳೆಯಷ್ಟು ವ್ಯತ್ಯಾಸ ಇತ್ತಂತೆ, ಅದು ಲೆಕ್ಕಕ್ಕಿಲ್ಲವಂತೆ. ಆ ಮಾತಾಡಿದ ಹುಡುಗ ಪೆಚ್ಚಾಗಿ ನಿಂತಿದ್ದ. ಅಜ್ಜಿ ಅವನಿಗೂ ಟೀ ಕೊಟ್ಟಳು, ಬಿಸ್ಕತ್ತು ಮಾತ್ರ ಕೊಡಲಿಲ್ಲ. ಮೇಡಂ ಹೋಗುವಾಗ, "ಅವತ್ತು ನಾನು ಸುಮ್ಮನಿರಬಾರದಿತ್ತು. ಇದನ್ನ ತರಗತಿಯಲ್ಲಿ ಎಲ್ಲರ ಮುಂದೆ ಹೇಳ್ತೀನಿ, ಅವಳು ಬಂದರೂ ಸರಿ, ಬರದಿದ್ದರೂ ಸರಿ" ಎಂದರು. ಹದಿನೆಂಟನೇ ತಾರೀಖು ನಮ್ಮ ಮನೆಯ ಎದುರಿನ ಕಟ್ಟಡದಲ್ಲಿ ಇದೇ ಫ್ಯಾನಿನ ಪರೀಕ್ಷೆ ಇದೆ. ಕೆಲಸಕ್ಕೆ ಆರಿಸಿಕೊಳ್ಳುವ ಕಂಪನಿಯವರೂ ಬರುತ್ತಾರಂತೆ. ಫ್ಯಾನು ನಡೆಸುವವರ ಜಾಗದಲ್ಲಿ ನಿನ್ನ ಹೆಸರನ್ನೇ ಬಿಟ್ಟಿದ್ದಾರೆ.

ಬಾ ಎಂದು ಕರೆಯಲು ಇದನ್ನು ಬರೆಯುತ್ತಿಲ್ಲ. ಅತ್ತೆಯ ಅಂಗಡಿಯೇನೂ ಕೀಳಲ್ಲ, ಬಟ್ಟೆಯೇ ಈ ಮನೆಗೆ ಅನ್ನ ಹಾಕಿದ್ದು. ಆ ಕೆಲಸ ನಿನಗೆ ಇಷ್ಟವಾಗಿದ್ದರೆ ಸಂತೋಷವಾಗಿ ಮಾಡು. ಆದರೆ ನೀನು ಸುಳ್ಳು ಬರೆದವಳು ಎಂಬ ಮಾತು ಈಗ ಎಲ್ಲಿಯೂ ಉಳಿದಿಲ್ಲ, ಅದನ್ನು ತಿಳಿದುಕೊಂಡು ನಿರ್ಧಾರ ಮಾಡು. ಅತ್ತೆಗೂ ಮಾವನಿಗೂ ನಮ್ಮ ನೆನಪು ಹೇಳು. ದಿಂಬಿನ ವಿಷಯ ಹೇಳಬೇಡ. ನೀನು ಎಲ್ಲಿದ್ದರೂ ತಲೆ ಎತ್ತಿಕೊಂಡಿರು, ನಮ್ಮಿಬ್ಬರ ಹಾರೈಕೆ ನಿನ್ನ ಬೆನ್ನಿಗಿದೆ.

ನಿನ್ನ
ತಾತ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ಅಜ್ಜಿ ಆ ಚೂರುಗಳನ್ನು ವಾಪಸು ತುರುಕಿಲ್ಲ, ನಾನು ಹೋದರೆ ಕೈಗೆ ಹೊಡೆಯುತ್ತಾಳೆ. "ಅವಳೇ ಬಂದು ಹೊಗೆ ಹಿಡಿದು ಎಲ್ಲೆಲ್ಲಿ ಅಂತ ತೋರಿಸ್ಲಿ, ಅವಳ ಕೈಯಿಂದ್ಲೇ ಮುಚ್ಚಲಿ. ಅಲ್ಲೀವರೆಗೆ ಯಾರೂ ಮುಟ್ಟಬೇಡಿ" ಅಂತಾಳೆ. ಇಲ್ಲಿ ಚಳಿ ಶುರುವಾಗಿದೆ. ಮಂಡಿಗೆ ಶಾಲು ಸುತ್ತಿಕೊಂಡು, ಗಾಳಿ ಬರುವ ಆ ಕಿಟಕಿಯ ಪಕ್ಕದಲ್ಲೇ ಕೂತು ರಸ್ತೆ ನೋಡುತ್ತಿದ್ದಾಳೆ. ಬೇಗ ಬಾ.